ಪಲ್ಪರ್ ಮನೆಯ ಬೀಗದ ಕೈ

ಎಂಟೆಬೆ

ಕಮಲಕ್ಕನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು ಇರುತ್ತದೆ. ಬಸ್ಸಿನ ಚಿಲ್ಲರೆ, ಎರಡು ಏಲಕ್ಕಿ, ತಲೆನೋವಿನ ಮಾತ್ರೆ, ಸಂಘದ ಕೊಠಡಿಯ ಕೀ, ಹೀಗೆ ಏನಾದರೊಂದು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಆ ಗಂಟನ್ನು ಬಿಚ್ಚಿಸಿದಾಗ ಒಂದು ಚಿಟಿಕೆ ಕುಂಕುಮದ ಪೊಟ್ಟಣವೂ ಒಂದು ಹಿಡಿ ಕಾಫಿಪುಡಿಯೂ ಸಿಕ್ಕವು.

"ಇದ್ಯಾಕೆ?" ಎಂದು ಆಕೆ ಕೇಳಿದಳು.

"ವಾಂತಿ ಬಂದ್ರೆ ಮೂಸಕ್ಕೆ ಕಣವ್ವ. ಮೊದಲ್ನೇ ಸಲ ವಿಮಾನ ಹತ್ತಾ ಇವ್ನಿ" ಎಂದರು ಕಮಲಕ್ಕ. ಆಕೆ ನಕ್ಕು ಗಂಟನ್ನು ತಾನೇ ಕಟ್ಟಿಕೊಟ್ಟಳು.

ಎಂಟೆಬೆಯಲ್ಲಿ ಇಳಿದ ಮೇಲೆ ಇನ್ನೊಂದು ಸಲ ತಡೆದರು. ಅಲ್ಲಿಯ ಅಧಿಕಾರಿ ಕಮಲಕ್ಕನ ಚೀಲದಿಂದ ಕಾಫಿಪುಡಿಯ ಪೊಟ್ಟಣಗಳನ್ನೂ ಬೆಲ್ಲದ ಅಚ್ಚುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಉಗಾಂಡಕ್ಕೆ ಕಾಫಿ ತಂದಿದ್ದೀರಾ?" ಎಂದು ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಸ್ವಲ್ಪ ನೋವಿತ್ತು.

"ಏನಂತೆ?"

"ಕಾಫಿ ಬೆಳೆಯೋ ಊರಿಗೇ ಕಾಫಿ ತಂದಿದ್ದೀರಾ ಅಂತಾರೆ, ಕಮಲಕ್ಕ."

"ಬೆಳೆಯೋದು ಬ್ಯಾರೆ, ಕುಡಿಯೋದು ಬ್ಯಾರೆ ಅಂತ ಹೇಳು ಅವ್ನಿಗೆ."

ನಾನು ಅದನ್ನು ಹೇಳಲಿಲ್ಲ. ಉಡುಗೊರೆ ಎಂದಷ್ಟೇ ಹೇಳಿದೆ.

ನಾವು ಹೋದದ್ದು ಯಾಕೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಮಲಕ್ಕ ಕೊಡ್ಲಿಪೇಟೆ ಕಡೆಯ ಒಂದು ಮಹಿಳಾ ಸಂಘದ ಅಧ್ಯಕ್ಷೆ. ಹನ್ನೆರಡು ಹೆಂಗಸರು ಸೇರಿ ಕಾಫಿ ಹುರಿದು, ಪುಡಿ ಮಾಡಿ ಮಾರುತ್ತಾರೆ. ನಾನು ಕುಶಾಲನಗರದ ಸಣ್ಣದೊಂದು ಕಚೇರಿಯಲ್ಲಿ ಇಂಥ ಸಂಘಗಳ ಕೆಲಸ ನೋಡಿಕೊಳ್ಳುವವಳು. ನಮ್ಮ ಸಂಘಕ್ಕೆ ಹುರಿಯುವ ಯಂತ್ರ ಬಂದದ್ದು ಯುರೋಪಿನ ಒಂದು ನೆರವು ಸಂಸ್ಥೆಯಿಂದ. ಉಗಾಂಡದ ಪೂರ್ವಕ್ಕೆ, ಎಲ್ಗಾನ್ ಬೆಟ್ಟದ ಇಳಿಜಾರಿನಲ್ಲಿರುವ ಒಂದು ಹೆಂಗಸರ ಗುಂಪಿಗೂ ಅದೇ ಸಂಸ್ಥೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೊಟ್ಟಿತ್ತು. ಈಗ ಆ ಗುಂಪು ಎರಡನೇ ಕಂತು ಕೇಳಿತ್ತು. ಕೈಯಲ್ಲಿ ತಿರುಗಿಸುವ ಪಲ್ಪರಿನ ಬದಲು ಎಂಜಿನ್ ಇರುವುದು ಬೇಕು, ಸದಸ್ಯರಿಗೆ ಸಣ್ಣ ಸಾಲ ಕೊಡುವ ನಿಧಿ ಬೆಳೆಯಬೇಕು.

ಈ ಸಲ ತಾವೇ ಪರಿಶೀಲಿಸುವ ಬದಲು ಒಂದು ದೇಶದ ಸಂಘದವರು ಇನ್ನೊಂದು ದೇಶದವರನ್ನು ನೋಡಲಿ ಎಂದು ಸಂಸ್ಥೆಯವರು ತೀರ್ಮಾನಿಸಿದ್ದರು. ಕಮಲಕ್ಕನಿಗೆ ಕೆಲಸ ಗೊತ್ತು, ನನಗೆ ಇಂಗ್ಲಿಷ್ ಗೊತ್ತು. ಗುಂಪಿನ ಜೊತೆ ಕೆಲವು ದಿನ ಇದ್ದು ಕೊನೆಗೆ ನಾನು ಒಂದು ಫಾರ್ಮ್ ತುಂಬಿ ಕೊಡಬೇಕಿತ್ತು. ಅದರಲ್ಲಿ ಮುಖ್ಯವಾದ ಕಾಲಂ ಎರಡು: ಒಂದು ದಿನ ಕೊಯ್ದ ಹಣ್ಣು ಎಷ್ಟು, ಅದೇ ದಿನ ಪಲ್ಪ್ ಆದದ್ದು ಎಷ್ಟು. ಕಾಫಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಯ್ದ ಹಣ್ಣು ಮೂಟೆಯಲ್ಲಿ ರಾತ್ರಿ ಕಳೆದರೆ ಹುಳಿ ಬರುತ್ತದೆ, ಒಳ್ಳೆಯ ಬೆಲೆ ಹೋಗುತ್ತದೆ.

ಜಿಂಜಾ

ಎಂಟೆಬೆಯಿಂದ ಎಂಬಾಲೆ ಪಟ್ಟಣಕ್ಕೆ ಪೂರ್ತಿ ಒಂದು ಹಗಲಿನ ದಾರಿ. ನಮ್ಮನ್ನು ಕರೆದೊಯ್ಯಲು ಬಂದಿದ್ದವಳು ಗ್ರೇಸ್. ಆ ಗುಂಪಿನ ಕೆಲಸ ನೋಡಿಕೊಳ್ಳುವ ಸ್ಥಳೀಯ ಕಚೇರಿಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ನನ್ನದೇ ಕೆಲಸ. ಅವಳ ಕೈಚೀಲದಲ್ಲಿ ನನ್ನ ಚೀಲದಲ್ಲಿರುವಂತೆಯೇ ಮಡಚಿದ ಹಾಜರಿ ಹಾಳೆಗಳೂ ಹೆಬ್ಬೆಟ್ಟಿನ ಶಾಯಿ ಡಬ್ಬಿಯೂ ಇದ್ದವು. ಅದನ್ನು ನೋಡಿ ನನಗೆ ಅವಳ ಬಗ್ಗೆ ಇದ್ದ ಸಂಕೋಚ ಹೋಯಿತು.

ದಾರಿಯಲ್ಲಿ ಜಿಂಜಾ ಎಂಬಲ್ಲಿ ನೈಲ್ ನದಿಯನ್ನು ದಾಟಬೇಕು. ದೊಡ್ಡ ಸರೋವರದಿಂದ ನದಿ ಹೊರಡುವುದು ಇಲ್ಲಿಂದಲೇ ಎಂದು ಗ್ರೇಸ್ ಹೇಳಿದಳು.

"ಅಂದ್ರೆ ಇದು ಇವರ ತಲಕಾವೇರಿ" ಎಂದು ಕಮಲಕ್ಕ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದರು. "ಗಾಡಿ ನಿಲ್ಸಕ್ಕೆ ಹೇಳು."

ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ, ಕಾವಲಿದೆ ಎಂದಳು ಗ್ರೇಸ್. ನದಿ ಅಗಲವಾಗಿತ್ತು, ಹಸಿರಾಗಿತ್ತು, ನೋಡುತ್ತಿರುವಾಗಲೇ ಹಿಂದೆ ಹೋಯಿತು. ಕಮಲಕ್ಕ ನಾಣ್ಯವನ್ನು ಮತ್ತೆ ಗಂಟಿಗೆ ಹಾಕಿಕೊಂಡರು. "ನಮ್ ಕುಶಾಲನಗರದ ಸೇತ್ವೆಲಿ ನಿಂತ್ಕಂಡು ಮೀನು ಹಿಡಿದ್ರೂ ಯಾರೂ ಕೇಳಲ್ಲ" ಎಂದು ಸ್ವಲ್ಪ ದೂರದವರೆಗೂ ಹೇಳುತ್ತಲೇ ಇದ್ದರು.

ಗುಡ್ಡದ ಮೇಲೆ, ಮೊದಲ ದಿನ

ಎಂಬಾಲೆಯಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ ನಾನು ಹಲವು ಸಲ ಊರಿಗೆ ಬಂದೆನೇನೋ ಅಂದುಕೊಂಡೆ. ಕೆಂಪು ಮಣ್ಣು, ಕಾಫಿ, ಮಂಜು. ವ್ಯತ್ಯಾಸ ಗೊತ್ತಾದದ್ದು ನೆರಳಿನಲ್ಲಿ. ನಮ್ಮಲ್ಲಿ ಕಾಫಿಯ ಮೇಲೆ ದೊಡ್ಡ ಮರಗಳು, ಮರಗಳಿಗೆ ಮೆಣಸಿನ ಬಳ್ಳಿ. ಇಲ್ಲಿ ಕಾಫಿಯ ಮೇಲೆ ಬಾಳೆ. ತೋಟ ಎಂದರೆ ಮನೆಯ ಹಿಂದಿನ ಅಂಗಳದಷ್ಟು ಜಾಗ. ಅದು ಎಷ್ಟು ಕಡಿದಾಗಿದೆಯೆಂದರೆ ಕೊಯ್ಯುವವರು ಒಂದು ಕೈಯಲ್ಲಿ ಗಿಡ ಹಿಡಿದುಕೊಂಡೇ ನಿಲ್ಲಬೇಕು. ಇಲ್ಲಿ ಕೂಲಿಯವರ ಲೈನ್ ಮನೆಗಳಿಲ್ಲ, ಲೆಕ್ಕ ಬರೆಯುವ ರೈಟರ್ ಇಲ್ಲ. ಬೆಳೆಯುವವರೂ ಕೊಯ್ಯುವವರೂ ಒಬ್ಬರೇ. ನಮ್ಮಲ್ಲಿ ಆಗ ಕಾಯಿ ಇನ್ನೂ ಹಸಿರಾಗಿತ್ತು. ಅವರಲ್ಲಿ ಕೊಯ್ಲು ಮುಗಿಯುತ್ತಾ ಬಂದಿತ್ತು.

ಪಲ್ಪರ್ ಮನೆ ಎಂದರೆ ತಗಡಿನ ಮಾಡು, ಅರ್ಧ ಗೋಡೆ, ಜಾಲರಿ ಬಾಗಿಲು. ಬಾಗಿಲ ಮೇಲೆ ನೀಲಿ ಬೋರ್ಡು. ಕೊಡ್ಲಿಪೇಟೆಯಲ್ಲಿ ನಮ್ಮ ಸಂಘದ ಗೋಡೆಯ ಮೇಲಿರುವುದೂ ಅದೇ ನೀಲಿ, ಅದೇ ಅಳತೆ. ಕಮಲಕ್ಕ ಅದನ್ನು ನೋಡಿದ ತಕ್ಷಣ, "ನಮ್ದೇ ಬೋರ್ಡು!" ಎಂದರು. ಸ್ವಂತದವರು ಸಿಕ್ಕಿದಂತಿತ್ತು ಅವರ ದನಿ.

ಗುಂಪಿನ ಮುಖ್ಯಸ್ಥೆ ನಂದುತು. ಐವತ್ತು ದಾಟಿದ ಎತ್ತರದ ಹೆಂಗಸು, ಮಾತು ಕಡಿಮೆ. ಕಮಲಕ್ಕನನ್ನು ಮೇಲಿನಿಂದ ಕೆಳಗೆ ನೋಡಿ, ಎರಡೂ ಕೈ ಹಿಡಿದು, "ಮಾಮಾ ಕಮಲ" ಎಂದಳು. ಅಲ್ಲಿ ಮಾಮಾ ಎಂದರೆ ತಾಯಿ ಎಂದು ನಾನು ವಿವರಿಸಿದೆ.

"ಹಂಗಾದ್ರೆ ಸರಿ. ಮೀಸೆ ಬಂದದೇನೋ ಅಂತ ಮುಖ ಮುಟ್ಟಿ ನೋಡ್ಕಂಡೆ" ಎಂದರು ಕಮಲಕ್ಕ. ಇದನ್ನು ಗ್ರೇಸ್ ಮೂಲಕ ದಾಟಿಸಿದ ಮೇಲೆ ಅಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ನಗು ಒಂದು ಭಾಷೆ ಹಿಂದೆ ಬಂತು, ಆದರೆ ಪೂರ್ತಿಯಾಗಿ ಬಂತು.

ಅಂದು ಗುಂಪಿನ ವಾರದ ಸಭೆ. ನಡುವೆ ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಮೂರು ಕೀ ಮೂವರು ಹೆಂಗಸರ ಬಳಿ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ನಾಲ್ವರೂ ಬಾರದೆ ಅದು ತೆರೆಯುವುದಿಲ್ಲ. ನಮ್ಮ ಸಂಘದಲ್ಲಿ ಪೆಟ್ಟಿಗೆ ಹೋಗಿ ಬ್ಯಾಂಕು ಬಂದು ಬಹಳ ವರ್ಷಗಳಾದವು. ಕಮಲಕ್ಕ ಆ ಮೂರು ಬೀಗಗಳನ್ನು ನೋಡುತ್ತಾ, "ನಮ್ಗೆ ಪಾಸ್‌ಬುಕ್ ಬಂತು, ಹಿಂಗೆ ಸುತ್ತ ಕೂತ್ಕಳಾದು ಹೋಯ್ತು" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು.

ಸಭೆ ಮುಗಿದ ಮೇಲೆ ನಂದುತು ಎದ್ದು ತನ್ನ ಕೊರಳಿನ ದಾರದಿಂದ ಒಂದು ಕೀ ಬಿಚ್ಚಿ ಕಮಲಕ್ಕನ ಕೈಯಲ್ಲಿ ಇಟ್ಟಳು. ಪಲ್ಪರ್ ಮನೆಯ ಕೀ. ಗುಂಪಿಗೆ ಬಂದ ನೆಂಟರು ಇರುವಷ್ಟು ದಿನ ಈ ಕೀ ಅವರ ಬಳಿ ಇರಬೇಕು, ಹೊರಡುವ ಬೆಳಿಗ್ಗೆ ಹಿಂದಕ್ಕೆ ಕೊಡಬೇಕು, ಇದು ನಾವು ಇಟ್ಟುಕೊಂಡ ಪದ್ಧತಿ ಎಂದಳು. ಕಮಲಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ನೈಲ್ ನದಿಗೆ ಸೇರಬೇಕಿದ್ದ ನಾಣ್ಯದ ಜೊತೆಗೆ.

ಎರಡನೆಯ ಮತ್ತು ಮೂರನೆಯ ದಿನ

ನಾವು ಇದ್ದದ್ದು ನಂದುತುವಿನ ಮನೆಯಲ್ಲಿ. ಬೆಳಿಗ್ಗೆ ಅವರು ಕುಡಿಯುವುದು ಹಾಲು ಹಾಕಿದ ಟೀ. ಕಾಫಿ ಏನಿದ್ದರೂ ಮೂಟೆಯಲ್ಲಿ ಬೆಟ್ಟ ಇಳಿದು ಹೋಗುವ ವಸ್ತು. ಎರಡನೆಯ ದಿನ ಕಮಲಕ್ಕ ಮೂರು ಕಲ್ಲಿನ ಒಲೆಯ ಮುಂದೆ ಕೂತು ಬೆಲ್ಲದ ಕಾಫಿ ಕಾಯಿಸಿದರು. ನಂದುತು ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಗ್ರೇಸ್‌ಗೆ ಏನೋ ಹೇಳಿದಳು.

"ಇಷ್ಟು ವರ್ಷ ಇದಕ್ಕೋಸ್ಕರವಾ ಕಾಫಿ ಕೊಳ್ಳುವವರು ಅಷ್ಟು ದೂರದಿಂದ ಬರುತ್ತಿದ್ದದ್ದು ಅಂತ ಕೇಳುತ್ತಿದ್ದಾರೆ" ಎಂದಳು ಗ್ರೇಸ್.

ಆದರೂ ಲೋಟ ಖಾಲಿಯಾಯಿತು.

ಮೂರನೆಯ ದಿನ ಪಲ್ಪರ್ ಮನೆಯ ಪಕ್ಕದ ಗುಡಿಸಲಿನಲ್ಲಿದ್ದ ಮುದುಕಿಯನ್ನು ನೋಡಲು ಕರೆದುಕೊಂಡು ಹೋದರು. ಆಕೆಗೆ ಕಾಯಿಲೆಯಾಗಿತ್ತು, ಮಲಗಿಯೇ ಇದ್ದಳು. ಪಲ್ಪರ್ ಬಂದಾಗ ಅದನ್ನು ಇಡಲು ಆ ಇಳಿಜಾರಿನಲ್ಲಿ ಸಮತಟ್ಟಾದ ಜಾಗವೇ ಇರಲಿಲ್ಲವಂತೆ. ಗಂಡಸರು ಯಾರೂ ಕೊಡಲಿಲ್ಲ. ಈ ಮುದುಕಿ ತನ್ನ ಅಂಗಳದ ಮೂಲೆಯನ್ನೂ ಒರತೆಯ ನೀರನ್ನೂ ಬಾಯಿಮಾತಿನಲ್ಲೇ ಕೊಟ್ಟಳು. ಕಾಗದ ಏನೂ ಆಗಿರಲಿಲ್ಲ. ಆಕೆಯ ನಂತರ ಆ ಜಾಗ ಮಗನದು. ಮಗ ವೆಪುಖುಲು ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ನಮಗೆ ತಲೆಯಾಡಿಸಿದ. ಪಲ್ಪರ್ ಮನೆಯ ಬಗ್ಗೆ ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು ಎಂದು ಗ್ರೇಸ್ ದಾರಿಯಲ್ಲಿ ಹೇಳಿದಳು.

ನಾಲ್ಕನೆಯ ದಿನ

ನಾಲ್ಕನೆಯ ದಿನವೇ ಪರೀಕ್ಷೆಯ ದಿನ. ಆ ಬೆಳಿಗ್ಗೆ ಗುಂಪಿನವರೆಲ್ಲ ಕೊಯ್ದು, ಅಂದೇ ಪಲ್ಪ್ ಮಾಡಿ ತೊಟ್ಟಿಗೆ ಹಾಕಬೇಕು. ಮರುದಿನ ನೆರವು ಸಂಸ್ಥೆಯ ಮಾರ್ಟೆನ್ ಎಂಬವರು ಕಂಪಾಲಾದಿಂದ ಬಂದು ನೋಡಬೇಕು. ನಾನು ತುಂಬಿದ ಫಾರ್ಮಿಗೆ ಅವರ ಸಹಿ ಆಗಬೇಕು.

ಬೆಳಕಾಗುವ ಮೊದಲೇ ಹೆಂಗಸರು ಬುಟ್ಟಿ ಹಿಡಿದು ಹೋದರು. ಕಮಲಕ್ಕನೂ ಹೋದರು. ಬಿಸಿಲೇರುವ ಹೊತ್ತಿಗೆ ಪಲ್ಪರ್ ಮನೆಯ ಮುಂದೆ ಆರು ಮೂಟೆ ಕೆಂಪು ಹಣ್ಣು ಬಂದು ಬಿದ್ದಿತ್ತು. ಅಷ್ಟರಲ್ಲಿ ಪಕ್ಕದ ಗುಡಿಸಲಿನಿಂದ ಒಂದು ಹೆಣ್ಣು ದನಿ ಏರಿತು. ಅರ್ಥ ಮಾಡಿಕೊಳ್ಳಲು ಯಾವ ಭಾಷೆಯೂ ಬೇಕಿರಲಿಲ್ಲ. ನಮ್ಮ ಕೊಡಗಿನಲ್ಲಿ ಸಾವನ್ನು ಸಾರುವ ಜೋಡಿ ಗುಂಡಿನ ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಯಾವ ಮನೆ ಎಂದು ಕಿವಿಗೊಡುತ್ತೇವೆ. ಇಲ್ಲಿಯೂ ಎಲ್ಲರೂ ಹಾಗೇ ನಿಂತರು. ಮುದುಕಿ ತೀರಿಕೊಂಡಿದ್ದಳು.

ನಂದುತು ಹಣ್ಣಿನ ಮೂಟೆಗಳ ಬಾಯಿ ಕಟ್ಟಿಸಿದಳು. ಪಲ್ಪರ್ ಮನೆಯ ಬಾಗಿಲು ಎಳೆದು ಬೀಗ ಒತ್ತಿದಳು.

"ನಾಳೆ ಮಣ್ಣು ಮಾಡುವವರೆಗೆ ಯಾರೂ ಕೆಲಸ ಮಾಡುವುದಿಲ್ಲ. ಗುದ್ದಲಿ ಮುಟ್ಟುವಂತಿಲ್ಲ, ಯಂತ್ರ ತಿರುಗುವಂತಿಲ್ಲ" ಎಂದಳು ಗ್ರೇಸ್. ಅವಳು ಪಕ್ಕಕ್ಕೆ ಹೋಗಿ ಮಾರ್ಟೆನ್‌ಗೆ ಫೋನ್ ಮಾಡಿ ದಿನ ಮುಂದಕ್ಕೆ ಹಾಕಲು ಕೇಳಿದಳು. ಆಗುವುದಿಲ್ಲ, ನೆರವಿನ ಪಟ್ಟಿ ಈ ವಾರವೇ ಮೇಲಕ್ಕೆ ಹೋಗಬೇಕು ಎಂದು ಅವರು ವಿಷಾದದಿಂದಲೇ ಹೇಳಿದರಂತೆ.

"ನಂದುತುಗೆ ಇದು ಗೊತ್ತಾ?" ಎಂದು ಕೇಳಿದೆ.

"ಗೊತ್ತು, ಸಿಸ್ಟರ್. ಕೇಳಿಕೊಂಡು, ಮುದುಕಿಗೆ ಹೊದಿಸುವ ಬಟ್ಟೆ ತರಲು ಹೋದರು."

ಮಧ್ಯಾಹ್ನದ ಹೊತ್ತಿಗೆ ಗುಡ್ಡದವರೆಲ್ಲ ಸತ್ತ ಮನೆಯ ಆಚೆ ಬದಿಯ ಬಯಲಿನಲ್ಲಿ ಸೇರಿದ್ದರು. ನೆಂಟರು ನಾಳೆ ಬಂದರೆ ಸಾಕು, ಇವತ್ತು ದಣಿವಾರಿಸಿಕೊಳ್ಳಲಿ ಎಂದು ನಮಗೆ ಹೇಳಿ ಕಳಿಸಿದರು. ನಾವಿಬ್ಬರೇ ನಂದುತುವಿನ ಅಂಗಳದಲ್ಲಿ ಕೂತೆವು. ಅಲ್ಲಿಂದ ಪಲ್ಪರ್ ಮನೆಯ ಮುಂದಿನ ಆರು ಮೂಟೆಗಳು ಕಾಣುತ್ತಿದ್ದವು.

ಕಮಲಕ್ಕ ಸುಮ್ಮನೆ ಕೂರಲಾರದವರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಒಂದು ಮೂಟೆಯ ಬಾಯಿ ಬಿಚ್ಚಿ ಮೊಳಕೈವರೆಗೆ ಕೈ ಇಳಿಸಿದರು.

"ಬಿಸಿ ಏರ್ತಾ ಐತೆ ಮಗ. ಮುಟ್ಟಿ ನೋಡು."

ಮುಟ್ಟಿದೆ. ಒಳಗೆ ಜ್ವರದ ಮೈಯಂತೆ ಇತ್ತು.

"ನಮ್ಮಲ್ಲಾದ್ರೆ ಏನ್ ಮಾಡ್ತಿದ್ವಿ ಹೇಳು. ಸೂತಕದ ಮನೆಯೋರು ಏನೂ ಮುಟ್ಟಂಗಿಲ್ಲ. ಅಕ್ಕಪಕ್ಕದೋರು ಹೋಗಿ ಹಸು ಕರೀತೀವಿ, ಕಣದಾಗಿನ ಕಾಫಿ ರಾಶಿ ಮಾಡಿ ಮುಚ್ಚಾಕ್ತೀವಿ. ನಮ್ಮತ್ತೆ ಹೋದಾಗ ಪಿಕಿಂಗ್ ಪೂರ್ತಿ ಪಕ್ಕದ ಮನೆಯೋರೇ ಮಾಡಿಕೊಟ್ರು. ಸೂತಕ ಇಲ್ದೋರು ಮಾಡದಿದ್ರೆ ಇನ್ಯಾರು ಮಾಡ್ತಾರೆ?"

"ಇಲ್ಲಿ ಪದ್ಧತಿ ಹೇಗೋ ಏನೋ, ಕಮಲಕ್ಕ. ಗ್ರೇಸ್ ಯಾರೂ ಮಾಡಬಾರದು ಅಂದಳು."

"ಯಾರೂ ಅಂದ್ರೆ ಅವ್ರು. ಸತ್ತೋಳು ನಮ್ಗೇನಾಗ್ಬೇಕು? ನಾವು ಹೊರಗ್ನೋರು." ಸೆರಗಿನ ಗಂಟು ಮುಂದಕ್ಕೆ ಎಳೆದುಕೊಂಡರು. "ಅದಕ್ಕೇ ಇರ್ಬೋದು ಕೀ ನಮ್ ಕೈಗೆ ಕೊಟ್ಟಿರಾದು."

ಆಗ ನಾನು ತಡೆಯಬಹುದಿತ್ತು. ಇಡೀ ಪ್ರಯಾಣದಲ್ಲಿ ನನ್ನ ಕೆಲಸವೇ ಅದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಇದ್ದ ಹಾಗೆ ತಲುಪಿಸುವುದು. ಗ್ರೇಸ್ ಹೇಳಿದ 'ಯಾರೂ' ಎಂಬ ಮಾತಿನಲ್ಲಿ ನಾವೂ ಸೇರಿದ್ದೇವೆ ಎಂದು ನನಗೆ ಒಳಗೇ ಗೊತ್ತಿತ್ತು. ಆದರೆ ಕಮಲಕ್ಕನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಾನೂ ಅಂಥದೇ ಊರಿನಲ್ಲಿ ಬೆಳೆದವಳು. ಜೊತೆಗೆ ನನ್ನ ಕಣ್ಣ ಮುಂದೆ ಫಾರ್ಮಿನ ಎರಡನೆಯ ಕಾಲಂ ಇತ್ತು.

ಬೀಗ ತೆಗೆದೆವು. ಕಮಲಕ್ಕ ಒರತೆಯ ನೀರಿನ ಪೈಪು ಬಿಟ್ಟು ಹಣ್ಣು ಸುರಿದರು. ನಾನು ಚಕ್ರ ತಿರುಗಿಸಿದೆ. ಕೈಪಲ್ಪರಿನ ಸದ್ದು ಹತ್ತಿರದಲ್ಲಿ ಅಷ್ಟೇನೂ ದೊಡ್ಡದಲ್ಲ. ತಗಡಿನ ಮಾಡಿನ ಕೆಳಗೆ, ಆ ಕಡಿದಾದ ಕಣಿವೆಯಲ್ಲಿ ಅದು ಎಷ್ಟು ದೂರ ಹೋಗುತ್ತದೆಂದು ನಮಗೆ ತಿಳಿದಿರಲಿಲ್ಲ. ಒಂದು ಮೂಟೆ ಮುಗಿಯಿತು. ಎರಡನೆಯದು ಅರ್ಧ ಆಗಿತ್ತು. ಆಚೆ ಬದಿಯಿಂದ ಕೇಳಿಬರುತ್ತಿದ್ದ ಸಾವಿನ ಹಾಡು ನಿಂತದ್ದು ನನಗೆ ಗೊತ್ತಾಗಲಿಲ್ಲ.

ಬಾಗಿಲಲ್ಲಿ ವೆಪುಖುಲು ನಿಂತಿದ್ದ. ಅವನು ಕೂಗಲಿಲ್ಲ. ಒಳಗೆ ಬಂದು ತಿರುಗುತ್ತಿದ್ದ ಚಕ್ರದ ಮೇಲೆ ಅಂಗೈ ಇಟ್ಟ. ಚಕ್ರ ನಿಂತಿತು. ಹಾಗೇ ಕೈಯನ್ನು ಅಲ್ಲಿಯೇ ಇಟ್ಟುಕೊಂಡು ನನ್ನನ್ನು ನೋಡಿದ. ಅವನ ತಾಯಿ ಸತ್ತು ಆರು ಗಂಟೆಯೂ ಆಗಿರಲಿಲ್ಲ.

ಹಿಂದೆಯೇ ಗ್ರೇಸ್ ಓಡುತ್ತಾ ಬಂದಳು. "ಸಿಸ್ಟರ್, ನಾನು ಹೇಳಿದ್ದೆನಲ್ಲ" ಎಂದಳು. ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ಸುಲಭವಾಗುತ್ತಿತ್ತು.

ಅಲ್ಲಿ ಸಾವಿನ ನಿಷೇಧ ಸತ್ತವರ ಮನೆಯವರಿಗೆ ಅಂಟಿದ್ದಲ್ಲ, ನೆಲಕ್ಕೆ ಅಂಟಿದ್ದು ಎಂದು ಅವಳು ಆಮೇಲೆ ವಿವರಿಸಿದಳು. ಆ ಗುಡ್ಡದ ಮೇಲೆ ನಿಂತವರು ಯಾರೇ ಆಗಲಿ, ಹೊರಗಿನವರು ಎಂಬುದಿಲ್ಲ. ಮುದುಕಿ ಕೊಟ್ಟ ಜಾಗದಲ್ಲೇ, ಮುದುಕಿಯ ನೀರಿನಲ್ಲೇ, ಆಕೆಯ ಹೆಣ ಮನೆಯಲ್ಲಿರುವಾಗ ಯಂತ್ರ ತಿರುಗಿತ್ತು. ನೆರವಿಗಾಗಿ ನಂದುತು ನೆಂಟರ ಕೈಯಿಂದ ಕೆಲಸ ಮಾಡಿಸಿದಳೆಂದು ಬಯಲಿನಲ್ಲಿ ಮಾತೆದ್ದಿತ್ತು. ಹಿರಿಯರು ಅವಳನ್ನು ನಿಲ್ಲಿಸಿ ಕೇಳಿದರು.

"ನಂದುತು ಏನು ಹೇಳಿದಳು?" ಎಂದು ನಾನು ಕೇಳಿದೆ.

"ಕೀ ಕೊಟ್ಟವಳು ನಾನು ಅಂದರು. ಬೇರೇನೂ ಹೇಳಲಿಲ್ಲ."

ಜಾಗ ಖಾಲಿ ಮಾಡಿಸಬೇಕೆ ಬೇಡವೆ ಎಂಬುದು ಮಣ್ಣು ಮಾಡಿದ ನಂತರ, ಮಗನಿಗೆ ಬಿಟ್ಟದ್ದು ಎಂದು ತೀರ್ಮಾನವಾಯಿತಂತೆ. ಎಂಜಿನ್ ಪಲ್ಪರ್ ಮಾತು ಹಾಗಿರಲಿ, ಇದ್ದ ಪಲ್ಪರ್ ಇಡಲು ನೆಲವೇ ಇಲ್ಲವಾಗುವ ಹಾಗಿತ್ತು. ಇಷ್ಟಕ್ಕೆಲ್ಲ ಕಾರಣ ನಾವು.

ಕಮಲಕ್ಕ ಎಲ್ಲವನ್ನೂ ಕೇಳಿ ಜಗಲಿಯ ಮೇಲೆ ಕೂತರು. "ಒಳ್ಳೇದು ಮಾಡ್ತೀನಿ ಅಂತ ಹೋಗಿ, ಬ್ಯಾರೆಯೋರ ಮನೆ ಸಾವಿನಾಗೆ ಕೈ ಹಾಕ್ಬಿಟ್ಟೆ" ಎಂದರು. ಅಂದು ರಾತ್ರಿ ಅವರು ಉಣ್ಣಲಿಲ್ಲ.

ಐದನೆಯ ದಿನ

ಮಣ್ಣು ಮಾಡುವುದಕ್ಕೆ ನಾವೂ ಹೋದೆವು. ಹೋಗಬಹುದೇ ಎಂದು ಈ ಸಲ ಮೊದಲೇ ಕೇಳಿದೆವು. ಹೆಂಗಸರು ಒಣ ಬಾಳೆ ಎಲೆಗಳನ್ನು ಹಾಸಿ ನೆಲದ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಕರೆಯಲೂ ಇಲ್ಲ. ಕಮಲಕ್ಕ ಎಲ್ಲರಿಗಿಂತ ಹಿಂದೆ, ಎಲೆ ಇಲ್ಲದ ಬರಿ ನೆಲದ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮುಂದಿದ್ದ ಒಬ್ಬ ಮುದುಕಿ ತಿರುಗಿ ನೋಡದೆಯೇ ತಾನು ಕೂತಿದ್ದ ಎಲೆಯ ಒಂದು ತುಂಡನ್ನು ನಮ್ಮ ಕಡೆ ತಳ್ಳಿದಳು.

ಸುಡುವುದು ಕಂಡು ಅಭ್ಯಾಸವಾದ ನನಗೆ ಹೂಳುವುದು ಬಹಳ ನಿಧಾನ ಅನ್ನಿಸಿತು. ಮನೆಯ ಪಕ್ಕದಲ್ಲೇ, ಬಾಳೆಯ ನಡುವೆ ಗುಂಡಿ. ಕೊನೆಯ ಬುಟ್ಟಿ ಮಣ್ಣು ಬಿದ್ದ ಮೇಲೆ ಗಂಡಸರು ಗುದ್ದಲಿಗಳನ್ನು ಅಲ್ಲಿಯೇ ತೊಳೆದರು.

ಮಾರ್ಟೆನ್ ಬಂದದ್ದು ಅದಾದ ಒಂದು ಗಂಟೆಗೆ. ಒಳ್ಳೆಯ ಮನುಷ್ಯ. ಜೀಪನ್ನು ಕೆಳಗೇ ನಿಲ್ಲಿಸಿ, ಟೋಪಿ ತೆಗೆದು, ಗುಡ್ಡ ಹತ್ತಿ ಬಂದು ಮೊದಲು ವೆಪುಖುಲುವಿನ ಕೈ ಹಿಡಿದು ಮಾತಾಡಿಸಿದರು. ಆಮೇಲೆ ನಾವೆಲ್ಲ ಪಲ್ಪರ್ ಮನೆಗೆ ಹೋದೆವು. ಗುಂಪಿನ ಹೆಂಗಸರು, ಅವರ ಹಿಂದೆ ಹಿರಿಯರು, ವೆಪುಖುಲು. ಹೊರಗಿದ್ದ ಮೂಟೆಗಳಿಂದ ಕಂದು ರಸ ಇಳಿದಿತ್ತು, ಹುಳಿ ವಾಸನೆ ದೂರಕ್ಕೇ ಬರುತ್ತಿತ್ತು. ಒಳಗೆ ತೊಟ್ಟಿಯಲ್ಲಿ ಮಾತ್ರ ನಾವು ಪಲ್ಪ್ ಮಾಡಿದ ಒಂದೂವರೆ ಮೂಟೆಯ ಬೀಜ, ಬೆಳ್ಳಗೆ, ಸರಿಯಾಗಿ ಹದಕ್ಕೆ ಬಂದು ಕೂತಿತ್ತು.

ಮಾರ್ಟೆನ್ ಬಗ್ಗಿ ಒಂದು ಹಿಡಿ ತೆಗೆದು ಉಜ್ಜಿ ನೋಡಿದರು. ಮುಖ ಹಗುರಾಯಿತು. "ಇದು ನಿನ್ನೆಯದೇ. ಇಂಥ ದಿನವೂ ಇಷ್ಟು ಮಾಡಿದ್ದಾರೆ" ಎಂದು ನನ್ನ ಕಡೆ ತಿರುಗಿದರು. "ಪೂರ್ತಿ ಅಲ್ಲದಿದ್ದರೂ ಪರವಾಗಿಲ್ಲ. ಸಾವಿನ ವಿಷಯ ಷರಾದಲ್ಲಿ ಬರೆಯಿರಿ. ಈ ಅಂಕಿ ಇದ್ದರೆ ನಾನು ವಾದಿಸಬಲ್ಲೆ. ಸೊನ್ನೆ ಇದ್ದರೆ ಆಗುವುದಿಲ್ಲ."

ಫಾರ್ಮಿನಲ್ಲಿ ಮಾಡಿದವರು ಯಾರು ಎಂಬ ಕಾಲಂ ಇರಲಿಲ್ಲ. ನಾನು ಫಾರ್ಮ್ ತೆರೆದಿದ್ದ ಟ್ಯಾಬ್ ಹಿಡಿದುಕೊಂಡು ನಿಂತಿದ್ದೆ. ಒಂದು ಅಂಕಿ ಬರೆದರೆ ಸುಳ್ಳಾಗುತ್ತಿರಲಿಲ್ಲ. ನಾವು ಮಾಡಿದ ಕೆಡುಕಿಗೆ ಅದೊಂದು ಪರಿಹಾರವೂ ಆಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಗ್ರೇಸ್ ಅವರ ಮಾತನ್ನು ನಂದುತುವಿಗೆ ತಮ್ಮ ಭಾಷೆಯಲ್ಲಿ ಹೇಳಿ ಮುಗಿಸಿದಳು.

ನಂದುತು ತೊಟ್ಟಿಯ ಹತ್ತಿರ ಬಂದಳು. ಅವಳು ಮಾತಾಡಿದ್ದು ಮಾರ್ಟೆನ್ ಜೊತೆಯಾದರೂ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಇದು ನಮ್ಮದಲ್ಲ ಅನ್ನುತ್ತಿದ್ದಾರೆ. ನಿನ್ನೆ ನಾವು ಯಾರೂ ಕೆಲಸ ಮಾಡಲಿಲ್ಲ. ನಿನ್ನೆ ನಮ್ಮ ತಾಯಿ ಸತ್ತಿದ್ದರು. ನೆಂಟರಿಗೆ ನಮ್ಮ ರೀತಿ ಗೊತ್ತಿರಲಿಲ್ಲ, ನಮ್ಮ ಹಣ್ಣಿಗೋಸ್ಕರ ಸಂಕಟಪಟ್ಟು ಮಾಡಿದರು. ಆದರೆ ಇದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದು ಗ್ರೇಸ್ ಹೇಳಿದಳು. ಈ ಮಾತಿನ ಬೆಲೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವಳು ಅವಳು.

ನಾನು ಕಮಲಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವರು ನನ್ನ ಕೈಯಲ್ಲಿದ್ದ ಟ್ಯಾಬನ್ನು ನೋಡಿ, "ಅವ್ಳು ಹೇಳಿದ್ನೇ ಬರಿ ಮಗ" ಎಂದರು.

ಬರೆದೆ. ಕೊಯ್ದ ಹಣ್ಣು: ಆರು ಮೂಟೆ. ಅದೇ ದಿನ ಪಲ್ಪ್ ಆದದ್ದು: ಸೊನ್ನೆ. ಷರಾದಲ್ಲಿ ಸಾವಿನ ವಿಷಯ ಬರೆದೆ, ನಾವಿಬ್ಬರು ಮಾಡಿದ್ದನ್ನೂ ಬರೆದೆ. ಮಾರ್ಟೆನ್ ಓದಿ, ಒಂದು ಕ್ಷಣ ನಂದುತುವನ್ನು ನೋಡಿ, ಸಹಿ ಮಾಡಿದರು. ಆ ವರ್ಷ ಗುಂಪಿಗೆ ಎರಡನೇ ಕಂತು ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅವರು ಹೋದ ಮೇಲೆ ನಂದುತು ಒಂದು ಗೋಣಿ ಹಾಸಿ, ತೊಟ್ಟಿಯ ಬೀಜವನ್ನೆಲ್ಲ ಅದರ ಮೇಲೆ ತೋಡಿ ಹಾಕಿದಳು. ಒಬ್ಬಳೇ ಎತ್ತಲಾರದಷ್ಟು ಭಾರ. ಗುಂಪಿನವರು ಮುಂದೆ ಬರುವ ಮೊದಲೇ ವೆಪುಖುಲು ಬಂದು ಗೋಣಿಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಹೊತ್ತುಕೊಂಡು ಹೋಗಿ ಹೊಸ ಮಣ್ಣಿನಾಚೆ ಬಾಳೆಯ ಬುಡಕ್ಕೆ ಸುರಿದರು. ಅವನು ಖಾಲಿ ಗೋಣಿಯನ್ನು ಕೊಡವಿ, ಮಡಚಿ, ಪಲ್ಪರ್ ಮನೆಯ ಅರ್ಧ ಗೋಡೆಯ ಮೇಲೆ ಇಟ್ಟ. ನಂದುತುವಿಗೆ ಎರಡು ಮಾತು ಹೇಳಿ ಹೊರಟುಹೋದ.

"ನಾಳೆಯಿಂದ ತಿರುಗಿಸಿ ಅಂದರು" ಎಂದಳು ಗ್ರೇಸ್. ಅವಳು ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಗ ಕಮಲಕ್ಕ ಸೆರಗಿನ ಗಂಟು ಬಿಚ್ಚಿದರು. ಕೀಯನ್ನು ಎರಡೂ ಕೈಯಲ್ಲಿ ಹಿಡಿದು ನಂದುತುವಿನ ಮುಂದೆ ಚಾಚಿದರು. ನನಗೆ ಏನನ್ನೂ ಅನುವಾದಿಸಲು ಹೇಳಲಿಲ್ಲ. ಕಣ್ಣು ಕೆಳಗಿತ್ತು.

ನಂದುತು ಕೀಯನ್ನು ನೋಡಿದಳು. ತೆಗೆದುಕೊಳ್ಳಲಿಲ್ಲ. ಕಮಲಕ್ಕನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿ, ಮುಷ್ಟಿಯನ್ನು ಹಿಂದಕ್ಕೆ ತಳ್ಳಿದಳು.

"ನೀವು ಹೊರಡುವುದು ನಾಳೆ ಬೆಳಿಗ್ಗೆ ಅಲ್ಲವಾ ಅಂತ ಕೇಳುತ್ತಿದ್ದಾರೆ" ಎಂದಳು ಗ್ರೇಸ್.

"ಹೌದು" ಎಂದೆ.

"ಹಾಗಾದರೆ ನಾಳೆ ಕೊಡಿ, ಅಂತೆ."

ಆರನೆಯ ದಿನ

ಬೆಳಿಗ್ಗೆ ಗಾಡಿ ಕೆಳಗೆ ಬಂದು ನಿಂತಿತ್ತು. ಹಿಂದಿನ ದಿನದಿಂದ ತೆರೆದೇ ಇದ್ದ ಪಲ್ಪರ್ ಮನೆಯಲ್ಲಿ ಗುಂಪಿನವರು ಆಗಲೇ ಹ್ಯಾಂಡಲ್ ಒರೆಸಿ, ತೊಟ್ಟಿ ತೊಳೆದು, ಹೊಸ ಹಣ್ಣು ತರಲು ಬುಟ್ಟಿ ಹಿಡಿದಿದ್ದರು. ಕೆಟ್ಟ ಮೂಟೆಗಳ ಹಣ್ಣನ್ನು ಚಾಪೆಯ ಮೇಲೆ ಹರಡಿದ್ದರು, ಹಾಗೇ ಒಣಗಿಸಿ ಸಿಕ್ಕಿದ ಬೆಲೆಗೆ ಮಾರಲು. ನಮ್ಮ ರೊಬಸ್ಟಾ ಒಣಗಿಸುವ ರೀತಿಯಲ್ಲೇ. ಕಮಲಕ್ಕ ಹೋಗುತ್ತಾ ಹೋಗುತ್ತಾ ಬಗ್ಗಿ ಒಂದು ಕಡೆ ದಪ್ಪಗಾಗಿದ್ದನ್ನು ಕೈಯಿಂದ ತೆಳ್ಳಗೆ ಮಾಡಲು ಹೋದರು, ಕೈ ತಡೆದು, ತಿರುಗಿ ನಂದುತುವನ್ನು ನೋಡಿದರು. ನಂದುತು ತಲೆಯಾಡಿಸಿದಳು. ಆಮೇಲೆ ಹರಡಿದರು.

ಪಲ್ಪರ್ ಮನೆಯ ಬಾಗಿಲಲ್ಲಿ ಕಮಲಕ್ಕ ಕೈ ತೆರೆದಾಗ ನಾನು ಪಕ್ಕದಲ್ಲೇ ಇದ್ದೆ. ಅವರು ರಾತ್ರಿ ಕೀಯನ್ನು ಸೆರಗಿಗೆ ಕಟ್ಟಿಕೊಂಡಿರಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ್ದರು. ನಂದುತು ಕೀ ತೆಗೆದುಕೊಂಡು ಕೊರಳ ದಾರಕ್ಕೆ ಹಾಕಿಕೊಂಡಳು. ಕಮಲಕ್ಕನ ಅಂಗೈಯಲ್ಲಿ ಅದರ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು. ಗಾಡಿ ಎಂಬಾಲೆ ದಾಟುವವರೆಗೂ ಅವರು ಆ ಕೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡೇ ಕೂತಿದ್ದರು.